ಹೇಳಿಕೆ ಲೆಕ್ಕ: ಎಲ್ಲಿ ಎಕ್ಸ್, ಎಲ್ಲಿ ಚಿತ್ರ, ಎಲ್ಲಿ ಹಿಮ್ಮುಖ ದಾರಿ?

ಹೇಳಿಕೆ ಲೆಕ್ಕ ಕಂಡ ಕೂಡಲೇ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಒಂದೋ ಕಣ್ಣಿಗೆ ಬಿದ್ದ ಅಂಕಿಗಳನ್ನೆಲ್ಲ ಹಿಡಿದು ಕೂಡಿಸಿ, ಗುಣಿಸಿ ಏನೋ ಒಂದು ಉತ್ತರ ತೆಗೆಯುತ್ತಾರೆ. ಇಲ್ಲವೇ "ಎಕ್ಸ್ ಎಂದಿರಲಿ" ಎಂದು ಶುರು ಮಾಡುತ್ತಾರೆ. ಮೊದಲನೆಯದು ಕೆಲಸಕ್ಕೆ ಬಾರದು ಎಂದು ಎಲ್ಲರಿಗೂ ಗೊತ್ತು. ಎರಡನೆಯದು ತಪ್ಪಲ್ಲ, ಆದರೆ ಎಷ್ಟೋ ಸಲ ಸುತ್ತು ದಾರಿ. ಎರಡು ಗೆರೆ ಎಳೆದರೆ ಮುಗಿಯುವ ಲೆಕ್ಕಕ್ಕೆ ಅರ್ಧ ಪುಟ ಬೀಜಗಣಿತ ಬರೆದು, ನಡುವೆ ಒಂದು ಚಿಹ್ನೆ ತಪ್ಪಿ, ಕೊನೆಗೆ ತಲೆ ಕೆರೆದುಕೊಳ್ಳುವುದು ಯಾರಿಗೆ ಬೇಕು ಹೇಳಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಒಳ್ಳೆಯದು ಎನ್ನುವುದು ಲೆಕ್ಕ ಕಷ್ಟದ್ದೋ ಸುಲಭದ್ದೋ ಎನ್ನುವುದರ ಮೇಲೆ ನಿಂತಿಲ್ಲ. ಗೊತ್ತಿಲ್ಲದ್ದು ಕಥೆಯ ಯಾವ ಜಾಗದಲ್ಲಿ ಕೂತಿದೆ ಎನ್ನುವುದರ ಮೇಲೆ ನಿಂತಿದೆ. ಕೊನೆ ಗೊತ್ತಿದ್ದು ಶುರು ಗೊತ್ತಿಲ್ಲವೋ? ಭಾಗ ಗೊತ್ತಿದ್ದು ಇಡೀದು ಗೊತ್ತಿಲ್ಲವೋ? ಗೊತ್ತಿಲ್ಲದ್ದು ಒಂದೋ, ಎರಡೋ? ಇದನ್ನು ನೋಡಿಕೊಂಡರೆ ದಾರಿ ತಾನಾಗಿ ಕಾಣುತ್ತದೆ.

ಪದ ನೋಡಿ ಲೆಕ್ಕ ಮಾಡುವ ಚಾಳಿ

"ಒಟ್ಟು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ, ಪಟ್ಟು ಅಂದರೆ ಗುಣಿಸು." ಈ ಗಿಳಿಪಾಠ ಬಹಳ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಸುಲಭದ ಲೆಕ್ಕಗಳಲ್ಲಿ ಇದು ಸರಿಯಾದ ಉತ್ತರವನ್ನೇ ಕೊಡುತ್ತದೆ. ತೊಂದರೆ ಇರುವುದೇ ಅಲ್ಲಿ, ನಂಬಿಕೆ ಬಂದುಬಿಡುತ್ತದೆ.

ಇದನ್ನು ನೋಡಿ. ಅಕ್ಕನ ಬಳಿ 15 ಪುಸ್ತಕಗಳಿವೆ. ತಮ್ಮನ ಬಳಿ ಇರುವುದಕ್ಕಿಂತ ಅದು 6 ಜಾಸ್ತಿ. ತಮ್ಮನ ಬಳಿ ಎಷ್ಟಿವೆ? "ಜಾಸ್ತಿ" ಎಂಬ ಪದ ಕಂಡು ಕೂಡಿದವರಿಗೆ 21 ಬರುತ್ತದೆ. ಆದರೆ ಜಾಸ್ತಿ ಇರುವುದು ಅಕ್ಕನ ಬಳಿ, ಕೇಳಿದ್ದು ತಮ್ಮನದು. ಉತ್ತರ 9.

ಫ್ರಾನ್ಸಿನಲ್ಲಿ 1980ರ ಸುಮಾರಿಗೆ ಚಿಕ್ಕ ಮಕ್ಕಳಿಗೆ ಒಂದು ತಮಾಷೆಯ ಪ್ರಶ್ನೆ ಕೊಟ್ಟಿದ್ದರು. ಹಡಗಿನಲ್ಲಿ 26 ಕುರಿಗಳಿವೆ, 10 ಮೇಕೆಗಳಿವೆ, ಹಾಗಾದರೆ ಕ್ಯಾಪ್ಟನ್ ವಯಸ್ಸೆಷ್ಟು? ಹೆಚ್ಚಿನ ಮಕ್ಕಳು ಸುಮ್ನೆ ಅಂಕಿಗಳನ್ನು ಸೇರಿಸಿ ಉತ್ತರ ಕೊಟ್ಟರು. ನಗಬೇಡಿ. ಅಂಕಿ ಕೊಟ್ಟಿದ್ದಾರೆ ಅಂದರೆ ಅದನ್ನು ಬಳಸಲೇಬೇಕು ಎಂಬ ಅಭ್ಯಾಸ ದೊಡ್ಡವರಲ್ಲೂ ಇದೆ.

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಲೆಕ್ಕ ಬಿಡಿಸುವ ಕೆಲಸವನ್ನು ನಾಲ್ಕು ಹೆಜ್ಜೆಗಳಾಗಿ ಹೇಳಿದರು: ಅರ್ಥ ಮಾಡಿಕೊಳ್ಳಿ, ದಾರಿ ಯೋಚಿಸಿ, ಅದರಂತೆ ಮಾಡಿ, ತಿರುಗಿ ನೋಡಿ. ಪದ ಹಿಡಿದು ಓಡುವವರು ಮೊದಲ ಎರಡನ್ನು ಹಾರಿ ಸೀದಾ ಮೂರನೆಯದಕ್ಕೆ ಬರುತ್ತಾರೆ. ಮೊದಲ ಹೆಜ್ಜೆಗೆ ನಾನು ಹೇಳುವುದು ಇಷ್ಟೇ: ಕೊನೆಯ ವಾಕ್ಯವನ್ನು ಮೊದಲು ಓದಿ. ಏನು ಕೇಳಿದ್ದಾರೆ, ಉತ್ತರ ಯಾವುದರಲ್ಲಿ ಬರಬೇಕು (ಪುಟವೋ, ಗಂಟೆಯೋ, ಶೇಕಡವೋ) ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆಮೇಲೆ ಕಥೆಯನ್ನು ಮೊದಲಿನಿಂದ ಓದಿ. ಇಲ್ಲಿ ನಾವು ಜಾಸ್ತಿ ಹೊತ್ತು ನಿಲ್ಲುವುದು ಎರಡನೆಯ ಹೆಜ್ಜೆಯಲ್ಲಿ.

ಒಂದೇ ಲೆಕ್ಕ, ನಾಲ್ಕು ದಾರಿ

ಒಂದು ಪುಸ್ತಕ. ಮೊದಲ ದಿನ ಮೂರನೇ ಒಂದು ಭಾಗ ಓದಿ ಮುಗಿಸಿದಿರಿ. ಎರಡನೇ ದಿನ ಉಳಿದದ್ದರಲ್ಲಿ ಕಾಲು ಭಾಗ ಓದಿದಿರಿ. ಇನ್ನೂ 90 ಪುಟ ಬಾಕಿ ಇದೆ. ಪುಸ್ತಕದಲ್ಲಿ ಒಟ್ಟು ಎಷ್ಟು ಪುಟ?

ಈ ಲೆಕ್ಕದ ಗುಂಡಿ ಇರುವುದು "ಉಳಿದದ್ದರಲ್ಲಿ" ಎಂಬ ಪದದಲ್ಲಿ. ಅದನ್ನು ನುಂಗಿಬಿಟ್ಟರೆ ಮೂರನೇ ಒಂದು ಮತ್ತು ನಾಲ್ಕನೇ ಒಂದು ಕೂಡಿ 7/12 ಓದಿದ ಹಾಗಾಯಿತು, ಬಾಕಿ 5/12, ಅಂದರೆ ಒಟ್ಟು 216 ಪುಟ ಎಂದು ಬರುತ್ತದೆ. ಅಂಕಿ ಚೆನ್ನಾಗಿ ಭಾಗವಾಗಿ ಹೋಗುವುದರಿಂದ ಅನುಮಾನವೂ ಬರುವುದಿಲ್ಲ. ಆದರೆ ಕಾಲು ಭಾಗ ಇಡೀ ಪುಸ್ತಕದ್ದಲ್ಲ, ಉಳಿದದ್ದರದು.

ಮೊದಲು ಚಿತ್ರದ ದಾರಿ. ಉದ್ದಕ್ಕೆ ಒಂದು ಪಟ್ಟಿ ಎಳೆಯಿರಿ, ಮೂರು ಸಮ ಭಾಗ ಮಾಡಿ. ಒಂದನ್ನು ಗೀಚಿಬಿಡಿ, ಅದು ಮೊದಲ ದಿನದ್ದು. ಉಳಿದವು ಎರಡು ಮನೆ. ಅದರಲ್ಲಿ ಕಾಲು ಭಾಗ ಬೇಕು, ಆದರೆ ಎರಡು ಮನೆಯನ್ನು ನಾಲ್ಕಾಗಿ ಮಾಡಬೇಕಲ್ಲ. ಪ್ರತಿ ಮನೆಯನ್ನೂ ಅರ್ಧಕ್ಕೆ ಸೀಳಿ. ಈಗ ಉಳಿದ ಕಡೆ ನಾಲ್ಕು ಚಿಕ್ಕ ಮನೆ. ಒಂದನ್ನು ಗೀಚಿ, ಅದು ಎರಡನೇ ದಿನದ್ದು. ಬಾಕಿ ಮೂರು ಚಿಕ್ಕ ಮನೆ 90 ಪುಟಕ್ಕೆ ಸಮ. ಒಂದು ಚಿಕ್ಕ ಮನೆ 30. ಇಡೀ ಪಟ್ಟಿಯಲ್ಲಿ ಅಂಥವು ಆರು. 180 ಪುಟ.

ಇಲ್ಲಿ "ಉಳಿದದ್ದರಲ್ಲಿ" ಎಂಬುದನ್ನು ನೀವು ಮರೆಯಲು ಸಾಧ್ಯವೇ ಇಲ್ಲ. ಗೀಚಿದ್ದು ಗೀಚಿದ್ದೇ, ಕಣ್ಣಿಗೆ ಕಾಣುತ್ತಿರುವುದು ಉಳಿದದ್ದು ಮಾತ್ರ. ಸಿಂಗಪುರದ ಶಿಕ್ಷಣ ಸಚಿವಾಲಯ 1980ರ ದಶಕದಲ್ಲಿ ಪ್ರಾಥಮಿಕ ಶಾಲೆಗಳಿಗೆ ಈ ಪಟ್ಟಿ ಚಿತ್ರದ ಪದ್ಧತಿಯನ್ನು ತಂದಿತು, ಆಮೇಲೆ ಅದು ಬೇರೆ ದೇಶಗಳಿಗೂ ಹಬ್ಬಿತು. ಯಾಕೆ ಹಬ್ಬಿತು ಎಂದು ಈ ಒಂದು ಲೆಕ್ಕದಲ್ಲೇ ಗೊತ್ತಾಗುತ್ತದೆ.

ಎರಡನೆಯದು ಹಿಮ್ಮುಖ ದಾರಿ. ಕೊನೆ ಗೊತ್ತಿದೆ, 90. ಅಲ್ಲಿಂದ ಹಿಂದಕ್ಕೆ ನಡೆಯಿರಿ. ಎರಡನೇ ದಿನ ಕಾಲು ಭಾಗ ಹೋಗಿ 90 ಉಳಿದಿದೆ ಅಂದರೆ 90 ಎನ್ನುವುದು ಮುಕ್ಕಾಲು. ಮುಕ್ಕಾಲು 90 ಆದರೆ ಕಾಲು 30, ಪೂರ್ತಿ 120. ಅದು ಎರಡನೇ ದಿನ ಬೆಳಿಗ್ಗೆ ಉಳಿದಿದ್ದು. ಮೊದಲ ದಿನ ಮೂರನೇ ಒಂದು ಹೋಗಿ 120 ಉಳಿದಿತ್ತು ಅಂದರೆ 120 ಎನ್ನುವುದು ಮೂರರಲ್ಲಿ ಎರಡು ಪಾಲು. ಒಂದು ಪಾಲು 60, ಪೂರ್ತಿ 180. ಪೆನ್ನೇ ಬೇಡ, ಬಾಯಿಲೆಕ್ಕದಲ್ಲೇ ಆಗುತ್ತದೆ.

ಹಿಮ್ಮುಖವಾಗಿ ಹೋಗುವಾಗ ಒಂದು ಕಡೆ ಹುಷಾರಾಗಿರಬೇಕು. ಕಾಲು ಭಾಗ ಕಳೆದದ್ದನ್ನು ವಾಪಸ್ ತರಲು 90ಕ್ಕೆ ಅದರ ಕಾಲು ಭಾಗ ಸೇರಿಸಿದರೆ ಆಗುವುದಿಲ್ಲ. ಹಾಗೆ ಮಾಡಿದರೆ 112.5 ಬರುತ್ತದೆ. ಸೇರಿಸಬೇಕಾದದ್ದು 90ರ ಮೂರನೇ ಒಂದು ಭಾಗ. ಹಿಮ್ಮುಖ ದಾರಿಯಲ್ಲಿ ಬೀಳುವವರೆಲ್ಲ ಬೀಳುವುದು ಇದೇ ಜಾಗದಲ್ಲಿ.

ಮೂರನೆಯದು ಊಹೆಯ ದಾರಿ. ಸುಮ್ನೆ ಒಂದು ಅನುಕೂಲದ ಸಂಖ್ಯೆ ಹಿಡಿಯಿರಿ. ಮೂರರಿಂದಲೂ ನಾಲ್ಕರಿಂದಲೂ ಭಾಗವಾಗುವ 12 ಇರಲಿ. 12 ಪುಟದ ಪುಸ್ತಕವಾಗಿದ್ದರೆ ಮೊದಲ ದಿನ 4 ಹೋಗಿ 8 ಉಳಿಯುತ್ತಿತ್ತು, ಎರಡನೇ ದಿನ 2 ಹೋಗಿ 6 ಉಳಿಯುತ್ತಿತ್ತು. ನಿಜವಾಗಿ ಉಳಿದದ್ದು 90, ಅಂದರೆ 6ರ 15 ಪಟ್ಟು. ಹಾಗಾದರೆ ಪುಸ್ತಕವೂ 12ರ 15 ಪಟ್ಟು, 180.

ಇದೇನೋ ಕಳ್ಳದಾರಿ ಅಂತ ಅನ್ನಿಸಬಹುದು. ಅಲ್ಲವೇ ಅಲ್ಲ. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನ ಅಹಮೆಸ್ ಎಂಬ ಲಿಪಿಕಾರ ಪ್ರತಿ ಮಾಡಿದ ಪಪೈರಸ್ ಸುರುಳಿಯಲ್ಲಿ ಈ ರೀತಿ ಬಿಡಿಸಿದ ಲೆಕ್ಕಗಳಿವೆ. ಒಂದು ಮೊತ್ತ ಮತ್ತು ಅದರ ಏಳನೇ ಒಂದು ಭಾಗ ಸೇರಿ 19, ಮೊತ್ತ ಎಷ್ಟು ಎಂಬ ಪ್ರಶ್ನೆಗೆ ಅಲ್ಲಿ 7 ಎಂದು ಊಹಿಸಿಕೊಂಡೇ ಶುರು ಮಾಡುತ್ತಾರೆ. ನಮ್ಮ ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲೂ ಇದೇ ದಾರಿ ಇಷ್ಟಕರ್ಮ ಎಂಬ ಹೆಸರಿನಲ್ಲಿದೆ: ಇಷ್ಟ ಬಂದ ಸಂಖ್ಯೆ ತಗೊಳ್ಳಿ, ಲೆಕ್ಕ ಹೇಳಿದಂತೆ ನಡೆಸಿ, ಬಂದದ್ದಕ್ಕೂ ಬರಬೇಕಾದ್ದಕ್ಕೂ ಎಷ್ಟು ಪಟ್ಟು ವ್ಯತ್ಯಾಸ ನೋಡಿ ಸರಿಪಡಿಸಿ.

ನಾಲ್ಕನೆಯದು ಎಕ್ಸ್. ಒಟ್ಟು ಪುಟಗಳನ್ನು "ಪು" ಎನ್ನೋಣ, ಎಕ್ಸ್‌ಗಿಂತ ನೆನಪಿಡುವುದು ಸುಲಭ. ಮೊದಲ ದಿನ ಪು/3 ಹೋಯಿತು, 2ಪು/3 ಉಳಿಯಿತು. ಅದರ ಕಾಲು ಭಾಗ ಪು/6. ಹಾಗಾಗಿ

ಪು − ಪು/3 − ಪು/6 = 90

ಎಡಗಡೆ ಉಳಿಯುವುದು ಪು/2. ಅಲ್ಲಿಗೆ ಪು = 180.

ನಾಲ್ಕೂ ಒಂದೇ ಊರಿಗೆ ಬಂದವು. ಈ ಲೆಕ್ಕಕ್ಕೆ ನನ್ನ ಆಯ್ಕೆ ಹಿಮ್ಮುಖ ದಾರಿ. ಬೇರೆಯವರಿಗೆ ಹೇಳಿಕೊಡುವುದಾದರೆ ಚಿತ್ರ. ಎಕ್ಸ್‌ನಲ್ಲಿ ತಪ್ಪೇನಿಲ್ಲ, ಆದರೆ "ಉಳಿದದ್ದರ ಕಾಲು" ಎಂಬುದನ್ನು ಪು/6 ಎಂದು ಬರೆಯಲು ಬೇಕಾದ ತಿಳುವಳಿಕೆ ಇದ್ದವರಿಗೆ ಅಷ್ಟರಲ್ಲಿ ಲೆಕ್ಕವೇ ಮುಗಿದಿರುತ್ತದೆ.

ಕಥೆ ಸ್ವಲ್ಪ ತಿರುಗಿದರೆ

ಅದೇ ಪುಸ್ತಕ. ಎರಡನೇ ದಿನ ಉಳಿದದ್ದರ ಕಾಲು ಭಾಗ ಓದಿ, ಮೇಲೆ ಇನ್ನೂ 10 ಪುಟ ಓದಿದಿರಿ. ಈಗ ಬಾಕಿ 80. ಊಹೆಯ ದಾರಿ ಇಲ್ಲಿ ಮುಗ್ಗರಿಸುತ್ತದೆ. 12 ಎಂದು ಹಿಡಿದರೆ 8 ಉಳಿದು, ಅದರಲ್ಲಿ 2 ಹೋಗಿ, ಮತ್ತೆ 10 ಕಳೆಯಬೇಕು, ಬಾಕಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ದೊಡ್ಡ ಸಂಖ್ಯೆ ಹಿಡಿದರೂ ಪ್ರಯೋಜನವಿಲ್ಲ. ಪುಸ್ತಕ ಎರಡರಷ್ಟಾದರೆ ಎಲ್ಲವೂ ಎರಡರಷ್ಟಾಗಬೇಕು, ಆಗ ಮಾತ್ರ ಈ ದಾರಿ ನಡೆಯುತ್ತದೆ. ಆ 10 ಪುಟ ಮಾತ್ರ 10 ಆಗಿಯೇ ಉಳಿಯುತ್ತದಲ್ಲ. ಹಿಮ್ಮುಖ ದಾರಿಗೆ ಇದು ಏನೇನೂ ತೊಡಕಲ್ಲ. 80ಕ್ಕೆ 10 ಸೇರಿಸಿದರೆ 90, ಆಮೇಲಿನದ್ದು ಮೊದಲಿನಂತೆಯೇ.

ಇನ್ನೊಂದು ತಿರುವು. ಆ 10 ಪುಟ ಬಿಟ್ಟುಬಿಡಿ, ಮೊದಲಿನ ಲೆಕ್ಕವೇ ಇರಲಿ, ಆದರೆ ಬಾಕಿ ಎಷ್ಟು ಎಂದು ಹೇಳಿಲ್ಲ. ಮೊದಲ ದಿನ ಓದಿದ್ದು ಎರಡನೇ ದಿನಕ್ಕಿಂತ 30 ಪುಟ ಜಾಸ್ತಿ ಎಂದಷ್ಟೇ ಹೇಳಿದ್ದಾರೆ. ಈಗ ಹಿಮ್ಮುಖ ದಾರಿ ಕೈಕೊಡುತ್ತದೆ, ಹಿಡಿದು ಹೊರಡಲು ಕೊನೆಯೇ ಇಲ್ಲ. ಚಿತ್ರದಲ್ಲಿ ಮಾತ್ರ ಲೆಕ್ಕ ಇನ್ನೂ ಸುಲಭ. ಮೊದಲ ದಿನ ಎರಡು ಚಿಕ್ಕ ಮನೆ, ಎರಡನೇ ದಿನ ಒಂದು. ವ್ಯತ್ಯಾಸ ಒಂದು ಮನೆ, ಅದೇ 30. ಆರು ಮನೆಗೆ 180.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಕಥೆ ಒಂದರ ನಂತರ ಒಂದು ನಡೆದು, ಕೊನೆಯ ಅಂಕಿ ಕೈಯಲ್ಲಿದ್ದರೆ ಹಿಮ್ಮುಖ. ಎಲ್ಲವೂ ಭಾಗ, ಪಟ್ಟುಗಳಲ್ಲೇ ಇದ್ದು ಮಧ್ಯೆ "ಇಷ್ಟು ಜಾಸ್ತಿ, ಇಷ್ಟು ಕಡಿಮೆ" ಇಲ್ಲದಿದ್ದರೆ ಊಹೆ. ಭಾಗ, ವ್ಯತ್ಯಾಸ, ಪಟ್ಟು ಕಲಸಿಕೊಂಡಿದ್ದರೆ ಚಿತ್ರ. ಏನೂ ತೋಚದಿದ್ದರೂ ಮೊದಲು ಚಿತ್ರವನ್ನೇ ಎಳೆಯಿರಿ ಎನ್ನುತ್ತೇನೆ. ಎಳೆಯುತ್ತಾ ಹೋದಂತೆ ಬೇರೆ ದಾರಿ ಹೊಳೆಯುವುದೂ ಉಂಟು.

ಚಿತ್ರಕ್ಕೂ ಮಿತಿ ಇದೆ. ಹನ್ನೊಂದರಲ್ಲಿ ಐದು ಭಾಗ, ಅದರ ಏಳರಲ್ಲಿ ಮೂರು ಭಾಗ ಎಂದರೆ ಮನೆಗಳನ್ನು ಸೀಳುತ್ತಾ ಕೂತು ಕೈ ಸೋಲುತ್ತದೆ. ಎರಡು ಗೊತ್ತಿಲ್ಲದ ಸಂಖ್ಯೆಗಳನ್ನು ಗುಣಿಸಬೇಕಾದಲ್ಲೂ ಪಟ್ಟಿ ಸಹಾಯ ಮಾಡುವುದಿಲ್ಲ.

ಎಕ್ಸ್ ಎಲ್ಲಿ ಗೆಲ್ಲುತ್ತದೆ?

ಗೊತ್ತಿಲ್ಲದ್ದು ಎರಡಿದ್ದು, ಎರಡನ್ನೂ ಕಟ್ಟಿಹಾಕುವ ಎರಡು ಮಾತು ಇದ್ದರೆ ಅದು ಎಕ್ಸ್‌ನ ಜಾಗ. ಆದರೂ ಅಲ್ಲಿಯೂ ಒಂದು ಚಂದದ ಪೈಪೋಟಿ ಇದೆ.

ನಿಲ್ದಾಣದಲ್ಲಿ ಬೈಕು, ಕಾರು ಸೇರಿ 24 ವಾಹನಗಳಿವೆ. ಚಕ್ರಗಳು ಒಟ್ಟು 70. ಕಾರು ಎಷ್ಟು? ಸಮೀಕರಣದಲ್ಲಿ ಬರೆದರೆ ಬೈ + ಕಾ = 24, 2ಬೈ + 4ಕಾ = 70. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದರಿಂದ ಕಳೆದರೆ 2ಕಾ = 22. ಕಾರು 11, ಬೈಕು 13.

ಈಗ ಹೀಗೆ ಯೋಚಿಸಿ. ಎಲ್ಲವೂ ಬೈಕೇ ಆಗಿದ್ದರೆ 48 ಚಕ್ರ ಇರಬೇಕಿತ್ತು. 22 ಜಾಸ್ತಿ ಇವೆ. ಒಂದು ಬೈಕನ್ನು ತೆಗೆದು ಕಾರು ನಿಲ್ಲಿಸಿದರೆ ಎರಡು ಚಕ್ರ ಹೆಚ್ಚುತ್ತದೆ. 22 ಹೆಚ್ಚಬೇಕಾದರೆ 11 ಸಲ ಹಾಗೆ ಮಾಡಬೇಕು. ಕಾರು 11. ನೋಡಿದರೆ ಎರಡೂ ಒಂದೇ ಕೆಲಸ. ಸಮೀಕರಣದಲ್ಲಿ "ಎರಡರಿಂದ ಗುಣಿಸಿ ಕಳೆ" ಎಂದು ಮಾಡಿದ್ದು ಇಲ್ಲಿ "ಎಲ್ಲವೂ ಬೈಕು ಎಂದುಕೋ" ಎಂದಾಗಿದೆ. ಚೀನಾದಲ್ಲಿ ಶತಮಾನಗಳಿಂದ ಓಡಾಡುತ್ತಿರುವ ಕೋಳಿ ಮೊಲದ ಲೆಕ್ಕವೂ (35 ತಲೆ, 94 ಕಾಲು) ಇದೇ ಜಾತಿಯದು. 12 ಮೊಲ, 23 ಕೋಳಿ. ನೀವೇ ಮಾಡಿ ನೋಡಿ.

ವಾಹನ ಎರಡು ಬಗೆಯಿದ್ದರೆ ಈ ಯೋಚನೆಯೇ ವೇಗ. ಮೂರು ಬಗೆ ಬಂದು ಮೂರು ಮಾತು ಕೊಟ್ಟರೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ, ಆಗ ಅಕ್ಷರಗಳ ಮೊರೆ ಹೋಗಿ. ಎಕ್ಸ್, ವೈ ಬರುವ ಎಷ್ಟೋ ಮೊದಲೇ ನಮ್ಮ ಹಳೆಯ ಗಣಿತಜ್ಞರೂ ಹಾಗೇ ಮಾಡುತ್ತಿದ್ದರು. ಮೊದಲ ಗೊತ್ತಿಲ್ಲದ್ದಕ್ಕೆ ಯಾವತ್ತಾವತ್, ಆಮೇಲಿನವಕ್ಕೆ ಕಾಲಕ, ನೀಲಕ ಎಂದು ಬಣ್ಣದ ಹೆಸರು ಇಟ್ಟು, ಮೊದಲ ಅಕ್ಷರಗಳಲ್ಲೇ ಲೆಕ್ಕ ನಡೆಸುತ್ತಿದ್ದರು.

ವಯಸ್ಸಿನ ಲೆಕ್ಕ ಬಂದರೆ ನಾನು ಸಾಮಾನ್ಯವಾಗಿ ಎಕ್ಸ್ ಹಿಡಿಯುತ್ತೇನೆ. ತಾಯಿಯ ವಯಸ್ಸು ಮಗಳ ನಾಲ್ಕು ಪಟ್ಟು. 20 ವರ್ಷದ ನಂತರ ಎರಡು ಪಟ್ಟು ಆಗುತ್ತದೆ. ಮಗಳಿಗೆ ಈಗ ಎಷ್ಟು? ಮಗಳದು "ಮ" ಆದರೆ 4ಮ + 20 = 2(ಮ + 20). ಬಿಡಿಸಿದರೆ ಮ = 10. ಮಗಳಿಗೆ 10, ತಾಯಿಗೆ 40. ಆಮೇಲೆ 30, 60. ಇಲ್ಲಿ ಜನ ಎಡವುವುದು ಒಂದೇ ಕಡೆ: ತಾಯಿಗೆ 20 ಸೇರಿಸಿ ಮಗಳಿಗೆ ಸೇರಿಸುವುದನ್ನು ಮರೆಯುತ್ತಾರೆ. ವರ್ಷ ಕಳೆದರೆ ಇಬ್ಬರಿಗೂ ಕಳೆಯುತ್ತದೆ, ಅಲ್ವಾ?

ಇದೇ ಲೆಕ್ಕವನ್ನು ಚಿತ್ರದಲ್ಲೂ ಮಾಡಬಹುದು, ಆದರೆ ಒಂದು ಗುಟ್ಟು ಹೊಳೆಯಬೇಕು. ಇಬ್ಬರ ವಯಸ್ಸಿನ ಅಂತರ ಯಾವತ್ತೂ ಬದಲಾಗುವುದಿಲ್ಲ. ಈಗ ಮಗಳು ಒಂದು ಮನೆ, ತಾಯಿ ನಾಲ್ಕು, ಅಂತರ ಮೂರು ಮನೆ. ಮುಂದೆ ತಾಯಿ ಎರಡು ಪಟ್ಟು ಆದಾಗ ಅಂತರ ಎಷ್ಟೋ ಮಗಳ ವಯಸ್ಸೂ ಅಷ್ಟೇ, ಅಂದರೆ ಮೂರು ಮನೆ. ಒಂದು ಮನೆಯಿಂದ ಮೂರು ಮನೆಗೆ ಬರಲು 20 ವರ್ಷ. ಒಂದು ಮನೆ 10. ಹೊಳೆದರೆ ಬಹಳ ಚೆಂದ. ಹೊಳೆಯದಿದ್ದರೆ ಕಾಯುತ್ತಾ ಕೂರಬೇಕು. ಎಕ್ಸ್‌ಗೆ ಹೊಳೆಯುವ ಅಗತ್ಯವೇ ಇಲ್ಲ, ಅದೇ ಅದರ ದೊಡ್ಡ ಗುಣ.

ದೊಡ್ಡ ದೋಷವೂ ಒಂದಿದೆ. ಸಮೀಕರಣ ಬಿಡಿಸುವುದು ಸುಲಭ, ಬರೆಯುವುದೇ ಕಷ್ಟ. ಪ್ರತಿ ಪ್ರಾಧ್ಯಾಪಕರಿಗೆ 6 ವಿದ್ಯಾರ್ಥಿಗಳಿದ್ದಾರೆ, ಇದನ್ನು ವಿ ಮತ್ತು ಪ್ರಾ ಬಳಸಿ ಬರೆಯಿರಿ ಎಂದರೆ ಎಷ್ಟೋ ಜನ 6ವಿ = ಪ್ರಾ ಎನ್ನುತ್ತಾರೆ. 10 ಪ್ರಾಧ್ಯಾಪಕರಿದ್ದರೆ ವಿದ್ಯಾರ್ಥಿಗಳು 60. ಹಾಕಿ ನೋಡಿದರೆ 360 = 10 ಆಗುತ್ತದೆ! ಸರಿಯಾದದ್ದು ವಿ = 6ಪ್ರಾ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ 150 ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥದ್ದನ್ನು ಕೊಟ್ಟಾಗ ಶೇ. 37ರಷ್ಟು ಮಂದಿ ತಪ್ಪು ಬರೆದರು. ಗಣಿತ ಬಾರದವರಲ್ಲ ಅವರು. ಆದ್ದರಿಂದ ಸಮೀಕರಣ ಬರೆದ ಕೂಡಲೇ ಬಿಡಿಸಲು ಹೋಗಬೇಡಿ. ಎರಡು ಚಿಕ್ಕ ಅಂಕಿ ಹಾಕಿ ಅದು ನಿಜ ಹೇಳುತ್ತಿದೆಯೇ ನೋಡಿ.

ಎಕ್ಸ್ ಭಾರವಾಗುವ ಇನ್ನೊಂದು ಜಾಗ. ಆಯತದ ಉದ್ದ ಅಗಲಕ್ಕಿಂತ 5 ಮೀಟರ್ ಜಾಸ್ತಿ, ವಿಸ್ತೀರ್ಣ 84 ಚದರ ಮೀಟರ್. ವರ್ಗ ಸಮೀಕರಣ ಬರೆಯುವ ಮೊದಲು 84 ಯಾವ ಎರಡರ ಗುಣಲಬ್ಧ ಎಂದು ನೋಡಿ. 6 ಮತ್ತು 14, ಅಂತರ 8. 7 ಮತ್ತು 12, ಅಂತರ 5. ಆಯಿತು. ಅದೇ ವಿಸ್ತೀರ್ಣ 80 ಎಂದಿದ್ದರೆ ಪೂರ್ಣಾಂಕದಲ್ಲಿ ಉತ್ತರವೇ ಸಿಗುವುದಿಲ್ಲ, ಆಗ ವರ್ಗ ಸಮೀಕರಣವೇ ಗತಿ.

ಒಂದಕ್ಕೆ ಎಷ್ಟು?

ಒಂದು ಹೆಚ್ಚಿದಂತೆ ಇನ್ನೊಂದೂ ಅಷ್ಟೇ ಪಟ್ಟು ಹೆಚ್ಚುವ ಲೆಕ್ಕಗಳಿಗೆ ಮೇಲಿನ ಯಾವುದೂ ಬೇಡ. 5 ಗಂಟೆಗೆ 240 ಕಿಲೋಮೀಟರ್ ಆದರೆ 1 ಗಂಟೆಗೆ 48, 7 ಗಂಟೆಗೆ 336. ಇದನ್ನೇ ತ್ರೈರಾಶಿ ಎಂದು ಮೂರು ಅಂಕಿಯನ್ನು ಸಾಲಾಗಿಟ್ಟು ಗುಣಿಸಿ ಭಾಗಿಸುವುದೂ ಉಂಟು. ಕ್ರಿ.ಶ. 499ರ ಆರ್ಯಭಟರ ಕೃತಿಯಲ್ಲೇ ಆ ನಿಯಮ ಇದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ, ಒಂದಕ್ಕೆ ಎಷ್ಟು ಎಂದು ಕಂಡುಕೊಂಡು ಮುಂದೆ ಹೋಗುವುದೇ ಮೇಲು. ನಡುವೆ ಸಿಗುವ 48 ಎಂಬ ಸಂಖ್ಯೆಗೆ ಒಂದು ಅರ್ಥ ಇದೆ. ತ್ರೈರಾಶಿಯಲ್ಲಿ ನಡುವೆ ಸಿಗುವ 1680 ಏನು ಎಂದು ಕೇಳಿದರೆ ಹೇಳುವುದು ಕಷ್ಟ.

ತಲೆಕೆಳಗಾದ ಲೆಕ್ಕಕ್ಕೂ ಇದೇ ನಡೆಯುತ್ತದೆ. 6 ಪಂಪುಗಳು ಒಂದು ತೊಟ್ಟಿಯನ್ನು 4 ಗಂಟೆಯಲ್ಲಿ ತುಂಬಿಸುತ್ತವೆ, 8 ಪಂಪಿಗೆ ಎಷ್ಟು ಗಂಟೆ? ಒಂದೇ ಪಂಪಿಗಾದರೆ ಎಷ್ಟು ಎಂದು ಕೇಳಿಕೊಳ್ಳಿ. ಆರು ಮಾಡುವ ಕೆಲಸ ಒಂದೇ ಮಾಡಬೇಕು, 24 ಗಂಟೆ. ಎಂಟು ಸೇರಿದರೆ 3 ಗಂಟೆ. ಸೂತ್ರ ನೆನಪಿಟ್ಟುಕೊಂಡವರು ಇಲ್ಲಿ ಅಂಕಿಗಳನ್ನು ಯಾವ ಕಡೆ ಇಡಬೇಕು ಎಂದು ಗೊಂದಲಕ್ಕೆ ಬೀಳುತ್ತಾರೆ.

ಅಂಕಿಯನ್ನೇ ಕೊಡದಿದ್ದರೆ

ಹೋಗುವಾಗ ಗಂಟೆಗೆ 60 ಕಿಲೋಮೀಟರ್ ವೇಗ, ಅದೇ ದಾರಿಯಲ್ಲಿ ಬರುವಾಗ 40. ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು? ದೂರ ಹೇಳಿಲ್ಲ. ನಾಲಿಗೆಯ ತುದಿಗೆ 50 ಎಂದು ಬರುತ್ತದೆ. ದೂರವನ್ನು ಎಕ್ಸ್ ಎಂದು ಬರೆದರೂ ಆಗುತ್ತದೆ, ಕೊನೆಗೆ ಎಕ್ಸ್ ಹೊಡೆದುಹೋಗುತ್ತದೆ. ಆದರೆ 60ರಿಂದಲೂ 40ರಿಂದಲೂ ಭಾಗವಾಗುವ 120 ಕಿಲೋಮೀಟರ್ ಎಂದು ನೀವೇ ಇಟ್ಟುಕೊಂಡರೆ ಇನ್ನೂ ಬೇಗ. ಹೋಗಲು 2 ಗಂಟೆ, ಬರಲು 3 ಗಂಟೆ. 5 ಗಂಟೆಯಲ್ಲಿ 240 ಕಿಲೋಮೀಟರ್, ಸರಾಸರಿ 48. ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಕಳೆದಿರಿ, ಅದಕ್ಕೇ 50ಕ್ಕಿಂತ ಕಡಿಮೆ.

ಶೇಕಡಾ ಲೆಕ್ಕಗಳಿಗೆ ಇಟ್ಟುಕೊಳ್ಳಬೇಕಾದ ಸಂಖ್ಯೆ 100. ಶೇ. 20 ಕಡಿತ, ಆಮೇಲೆ ಅದರ ಮೇಲೆ ಶೇ. 10 ಕಡಿತ. 100 ಇದ್ದದ್ದು 80, ಆಮೇಲೆ 72. ಒಟ್ಟು ಕಡಿತ ಶೇ. 28, ಶೇ. 30 ಅಲ್ಲ. ಶೇ. 25 ಏರಿದ್ದನ್ನು ಮೊದಲಿನ ಮಟ್ಟಕ್ಕೆ ಇಳಿಸಲು ಎಷ್ಟು ಇಳಿಸಬೇಕು? 100 ಏರಿ 125 ಆಯಿತು. 125ರಲ್ಲಿ 25 ಎಂದರೆ ಐದನೇ ಒಂದು ಭಾಗ, ಶೇ. 20.

ಎರಡು ನಲ್ಲಿಗಳ ಲೆಕ್ಕವೂ ಹೀಗೇ. ಒಂದು 3 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 6 ಗಂಟೆಯಲ್ಲಿ. ತೊಟ್ಟಿ 60 ಲೀಟರ್ ಎಂದುಕೊಳ್ಳಿ. ಗಂಟೆಗೆ 20 ಮತ್ತು 10, ಎರಡೂ ಸೇರಿ 30. ಎರಡು ಗಂಟೆ ಸಾಕು. 1/3 + 1/6 ಎಂದು ಭಿನ್ನರಾಶಿಯಲ್ಲಿ ಮಾಡುವುದೂ ಇದನ್ನೇ, ಲೀಟರ್ ಕಾಣುವುದಿಲ್ಲ ಅಷ್ಟೇ. ಇದಕ್ಕೆ ಒಂದು ಷರತ್ತು: ಲೆಕ್ಕದಲ್ಲಿ ಎಲ್ಲಿಯೂ ನಿಜವಾದ ಲೀಟರ್ ಅಥವಾ ದೂರ ಕೊಟ್ಟಿರಬಾರದು. ಕೊಟ್ಟಿದ್ದರೆ ನಿಮ್ಮ ಇಷ್ಟದ ಸಂಖ್ಯೆ ಅದರ ಜೊತೆ ಜಗಳ ಆಡುತ್ತದೆ.

ತಾಳೆ ನೋಡುವುದು

ಯಾವ ದಾರಿ ಹಿಡಿದರೂ ಉತ್ತರವನ್ನು ವಾಪಸ್ ಕಥೆಗೆ ಹಾಕಿ ನೋಡಿ. ಸಮೀಕರಣಕ್ಕಲ್ಲ, ಕಥೆಗೆ. ಸಮೀಕರಣವೇ ತಪ್ಪಿದ್ದರೆ ತಪ್ಪು ಉತ್ತರವೂ ಅದಕ್ಕೆ ಸರಿಹೊಂದುತ್ತದೆ. ಪುಸ್ತಕದ ಲೆಕ್ಕಕ್ಕೆ 216 ಬಂದಿದ್ದರೆ: 216ರಲ್ಲಿ 72 ಹೋಗಿ 144, ಅದರ ಕಾಲು 36 ಹೋಗಿ 108. ಬಾಕಿ 90 ಇರಬೇಕಿತ್ತು. ಸಿಕ್ಕಿಬಿತ್ತು.

ಅಂದಾಜೂ ಇಟ್ಟುಕೊಳ್ಳಿ. ನಲ್ಲಿಯ ಲೆಕ್ಕಕ್ಕೆ ಯಾರಾದರೂ 3 ಮತ್ತು 6ರ ಸರಾಸರಿ ತೆಗೆದು ನಾಲ್ಕೂವರೆ ಗಂಟೆ ಎಂದರೆ ಯೋಚಿಸಿ. ಒಂದೇ ನಲ್ಲಿ 3 ಗಂಟೆಯಲ್ಲಿ ತುಂಬಿಸುವಾಗ, ಜೊತೆಗೆ ಇನ್ನೊಂದು ಬಿಟ್ಟರೆ ತಡವಾಗುತ್ತದೆಯೇ?

ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಪ್ರಶ್ನೆ: 1128 ಸೈನಿಕರನ್ನು ಸಾಗಿಸಬೇಕು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ಸು ಬೇಕು? ಭಾಗಿಸಿದರೆ 31, ಶೇಷ 12. ಶೇ. 29ರಷ್ಟು ಮಕ್ಕಳು "31, ಶೇಷ 12" ಎಂದೇ ಬರೆದರು. 32 ಎಂದು ಬರೆದವರು ಕಾಲು ಭಾಗಕ್ಕಿಂತ ಕಡಿಮೆ. ಭಾಗಾಕಾರ ಸರಿ ಮಾಡಿದವರೇ ಬಸ್ಸನ್ನು ಮರೆತುಬಿಟ್ಟರು. ಆ 12 ಜನ ನಡೆದುಕೊಂಡು ಹೋಗಬೇಕಾಯಿತು ಅನ್ನಿ.

ಆ್ಯಪ್, ಮಕ್ಕಳು, ಪರೀಕ್ಷೆ

ಫೋಟೊ ಹಿಡಿದರೆ ಬಿಡಿಸಿಕೊಡುವ ಆ್ಯಪ್‌ಗಳು, ಚಾಟ್‌ಬಾಟ್‌ಗಳು ಈಗ ಎಲ್ಲರ ಕೈಯಲ್ಲಿವೆ. ಅವುಗಳ ಚಾಳಿ ಏನೆಂದರೆ ಕೇಳದಿದ್ದರೆ ಸಾಮಾನ್ಯವಾಗಿ ಸಮೀಕರಣದ ದಾರಿಯನ್ನೇ ಹಿಡಿಯುತ್ತವೆ. "ಎಕ್ಸ್ ಬಳಸದೆ ಹಿಮ್ಮುಖವಾಗಿ ಬಿಡಿಸು" ಅಥವಾ "ಪಟ್ಟಿ ಚಿತ್ರದಲ್ಲಿ ವಿವರಿಸು" ಎಂದು ಕೇಳಿದರೆ ಬೇರೆ ದಾರಿಯೂ ಸಿಗುತ್ತದೆ. ಉತ್ತರವನ್ನು ಕಥೆಗೆ ಹಾಕಿ ನೋಡುವ ಕೆಲಸ ಆಗಲೂ ನಿಮ್ಮದೇ.

ಬೀಜಗಣಿತ ಇನ್ನೂ ಬಾರದ ಮಕ್ಕಳಿಗೆ ಪಟ್ಟಿ ಚಿತ್ರ ಮತ್ತು "ಒಂದಕ್ಕೆ ಎಷ್ಟು" ಇವೆರಡೇ ಬಹಳ ದೂರ ಕರೆದೊಯ್ಯುತ್ತವೆ. ಎಕ್ಸ್ ಬಂದ ಮೇಲೂ ಚಿತ್ರ ಬಿಡಿಸಬೇಡಿ ಎನ್ನಬೇಡಿ. ಪಟ್ಟಿಯ ಒಂದು ಮನೆಯನ್ನೇ "ಇದು ಎಕ್ಸ್" ಎಂದು ತೋರಿಸಿದರೆ ಎರಡಕ್ಕೂ ಸೇತುವೆ ಬೀಳುತ್ತದೆ. ಆದರೆ ಇಡೀ ಪಟ್ಟಿ ಎಕ್ಸೋ, ಒಂದು ಮನೆ ಎಕ್ಸೋ ಎಂದು ಮೊದಲೇ ಬರೆಸಿ. ಇಲ್ಲದಿದ್ದರೆ ಎಕ್ಸ್ = 30 ಎಂದು ಬಂದ ಕೂಡಲೇ ಅಲ್ಲೇ ನಿಲ್ಲಿಸಿಬಿಡುತ್ತಾರೆ, ಕೇಳಿದ್ದು 180 ಆಗಿದ್ದರೂ.

ಪರೀಕ್ಷೆಯಲ್ಲಿ "ಸಮೀಕರಣ ರಚಿಸಿ ಬಿಡಿಸಿ" ಎಂದು ಕೇಳಿದ್ದರೆ ಬೇರೆ ದಾರಿಗೆ ಅಂಕ ಸಿಗದೇ ಹೋಗಬಹುದು. ಆಗಲೂ ಮೊದಲು ಹಾಳೆಯ ಅಂಚಿನಲ್ಲಿ ಹಿಮ್ಮುಖವಾಗಿಯೋ ಚಿತ್ರದಲ್ಲೋ ಉತ್ತರ ಕಂಡುಕೊಳ್ಳಿ. ಆಮೇಲೆ ಸಮೀಕರಣ ಬರೆದು ಆ ಉತ್ತರವನ್ನು ಅದರಲ್ಲಿ ಹಾಕಿ. ಎರಡೂ ಕಡೆ ಸಮ ಬಂದರೆ ಸಮೀಕರಣ ಸರಿ ಇದೆ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿ. ಬರದಿದ್ದರೆ ಬಿಡಿಸುವ ಮೊದಲೇ ತಿದ್ದಿಕೊಳ್ಳಲು ಸಮಯ ಇರುತ್ತದೆ.